ನಲ್ಲಿ ನೀರಿನ ವಾಸನೆ

"ಇದು ಯಾವುದು, ಹೇಳು."

ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ ಮೂಗುರಾಯ ಕತ್ತು ಮುಂದಕ್ಕೆ ಚಾಚಿ ಜೋರಾಗಿ ಉಸಿರೆಳೆದ. ತಣ್ಣನೆಯ ಗಾಳಿ ಮೂಗಿನೊಳಗೆ ಹೋಯಿತು, ಬಂತು. ಅದರ ಜೊತೆ ಬೇರೇನೂ ಬರಲಿಲ್ಲ.

"ಟಿಂಕ್ಚರ್ ಅಯೋಡಿನ್," ಅಂದ ಧೈರ್ಯವಾಗಿ.

"ಅಪ್ಪ! ಗೊತ್ತಾಯ್ತಾ?" ಮಗಳ ದನಿ ಒಮ್ಮೆಲೇ ಏರಿತು. ಒಲೆಯ ಮುಂದೆ ಅವನ ಹೆಂಡತಿಯ ಸೌಟಿನ ಸದ್ದೂ ನಿಂತಿತು.

ಅವರಿಬ್ಬರ ಆಸೆ ಕಿವಿಗೆ ಬಿದ್ದದ್ದೇ ಮೂಗುರಾಯನಿಗೆ ನಾಚಿಕೆಯಾಯಿತು. "ಇಲ್ಲ ಪುಟ್ಟಿ. ಮುಚ್ಚಳ ಕಿರ್ ಅಂತು. ಈ ಮನೇಲಿ ತುಕ್ಕು ಹಿಡಿದಿರೋ ಮುಚ್ಚಳ ಅದೊಂದೇ."

"ಥೂ, ಮೋಸ! ಇದು ಲೆಕ್ಕಕ್ಕಿಲ್ಲ." ಸೌಟು ಮತ್ತೆ ಆಡತೊಡಗಿತು.

ಜ್ವರ ಬಂದು ಹೋಗಿ ತಿಂಗಳಾಗಿತ್ತು. ಜ್ವರವೇನೋ ಹೋಯಿತು, ಹೋಗುವಾಗ ಅವನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೊದಲ ವಾರ ನೆಗಡಿ ಅಂದುಕೊಂಡಿದ್ದ. ಒಂದು ದಿನ ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದಾಗ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕರ್ರಗಾಯಿತು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿ ಅಲ್ಲಿಂದಲೇ ವಾಸನೆ ಹಿಡಿದು ಓಡಿ ಬಂದಳು. ಗಂಡ ಕ್ರಿಕೆಟ್ ಪುಟ ತಿರುವುತ್ತಿದ್ದ. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಹಾಗೇ ನಿಂತುಬಿಟ್ಟಳು. ಡಾಕ್ಟರು ಟಾರ್ಚು ಹಾಕಿ ನೋಡಿ, "ಬರಬಹುದು. ಬರದೇನೂ ಇರಬಹುದು. ದಿನಾ ಬೆಳಿಗ್ಗೆ ಘಾಟಿರೋ ನಾಲ್ಕು ಸಾಮಾನು ಮೂಸ್ತಾ ಇರಿ, ಮೂಗಿಗೆ ಮರೆತಿದ್ದು ನೆನಪಾಗಬಹುದು," ಅಂದಿದ್ದರು.

ಆ ಕೆಲಸವನ್ನು ಮಗಳು ವಹಿಸಿಕೊಂಡಳು. ಹತ್ತನೇ ತರಗತಿ, ಕೆಮಿಸ್ಟ್ರಿಯಲ್ಲಿ ಆಗಷ್ಟೇ ಹ್ಯಾಲೊಜನ್ ಗುಂಪು ಶುರುವಾಗಿತ್ತು. ಬೆಳ್ಳುಳ್ಳಿ, ನಿಂಬೆಹಣ್ಣು ಎಲ್ಲರ ಮನೆಯಲ್ಲೂ ಇರುತ್ತವೆ, ಅಪ್ಪನ ಮೂಗು ಸಾಮಾನ್ಯ ಮೂಗಲ್ಲ, ಅದಕ್ಕೆ ಅದರ ಕಸುಬಿನ ಸಾಮಾನೇ ಬೇಕು ಅಂತ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಅವಳದೇ ಒಂದು ಸಂಗ್ರಹ ಮಾಡಿದ್ದಳು. ಫ್ಲೋರಿನ್‌ಗೆ ಟೂತ್‌ಪೇಸ್ಟು. ಕ್ಲೋರಿನ್‌ಗೆ ಬಟ್ಟೆಯಲ್ಲಿ ಕಟ್ಟಿದ ಚಿಟಿಕೆ ಬ್ಲೀಚಿಂಗ್ ಪೌಡರು. ಅಯೋಡಿನ್‌ಗೆ ಗಾಯಕ್ಕೆ ಹಚ್ಚುವ ಟಿಂಕ್ಚರು.

"ಬ್ರೋಮಿನ್ ಮಾತ್ರ ಮನೇಲಿಲ್ಲ," ಅಂದಿದ್ದಳು ಬೇಸರದಿಂದ. "ಅದರ ಹೆಸರಿಗೇ ನಾತ ಅಂತ ಅರ್ಥ ಅಂತೆ ಅಪ್ಪ. ಅದಿದ್ದಿದ್ರೆ ನಿನ್ನ ಮೂಗು ಎದ್ದು ಕೂರ್ತಿತ್ತು. ಇವರೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರು. ಎಲ್ಲರಿಗೂ ಒಂದು ಎಲೆಕ್ಟ್ರಾನ್ ಕಡಿಮೆ. ಆ ಒಂದಕ್ಕಾಗಿ ಸಿಕ್ಕಸಿಕ್ಕವರ ಮೇಲೆ ಬೀಳ್ತಾರೆ. ಸಿಕ್ಕಿದ ಮೇಲೆ ತೆಪ್ಪಗಾಗ್ತಾರೆ. ಉಪ್ಪಲ್ಲಿ ಕ್ಲೋರಿನ್ ಇದ್ರೂ ವಾಸನೆ ಇದೆಯಾ? ಇಲ್ಲ. ಸೋಡಿಯಂ ಜೊತೆ ಮದುವೆ ಆಗಿದೆ, ಅದಕ್ಕೆ."

"ಹಾಗಾದ್ರೆ ನಾನೂ ಅದೇ ಮನೆಯವನೇ," ಅಂದು ಮೂಗುರಾಯ ಒಲೆಯ ಕಡೆ ನೋಡಿದ್ದ. ಒಲೆಯ ಕಡೆಯಿಂದ, "ತೆಪ್ಪಗಾದವರನ್ನ ನಾನು ಇನ್ನೂ ನೋಡಿಲ್ಲಪ್ಪ," ಅಂತ ಉತ್ತರ ಬಂದಿತ್ತು.

ನಗು ಹೊರಗೆ, ದಿಗಿಲು ಒಳಗೆ. ಏಕೆಂದರೆ ಊರಿಗೆ ಕುಡಿಯುವ ನೀರು ಶುದ್ಧ ಮಾಡಿ ಕಳಿಸುವ ಕೇಂದ್ರದಲ್ಲಿ ಅವನದು ಕ್ಲೋರಿನ್ ಕೋಣೆಯ ಕೆಲಸ. ಆಳೆತ್ತರದ ಸಿಲಿಂಡರುಗಳಿಂದ ಆ ಹಸಿರು ಹಳದಿ ಗಾಳಿಯನ್ನು ತೊಟ್ಟು ತೊಟ್ಟಾಗಿ ನೀರಿಗೆ ಬಿಡುವುದು, ಖಾಲಿಯಾದ ಸಿಲಿಂಡರ್ ತೆಗೆದು ತುಂಬಿದ್ದನ್ನು ಕೂರಿಸುವುದು. ಮಿತಿಯಲ್ಲಿದ್ದರೆ ಊರನ್ನು ಕಾಯುವ ಪದಾರ್ಥ, ಕೈತಪ್ಪಿದರೆ ಎದೆಗೂಡನ್ನೇ ಸುಡುವಂಥದ್ದು. ಅಲ್ಲಿ ವರ್ಷ ಕಳೆದವರ ಮೂಗು ಆ ಘಾಟಿಗೆ ಒಗ್ಗಿ ಮಂದವಾಗುತ್ತದೆ. ಇವನದು ಆಗಲಿಲ್ಲ. ಗೇಟಿನ ಹತ್ತಿರ ಸೈಕಲ್ ನಿಲ್ಲಿಸುತ್ತಲೇ, "ಎರಡನೇ ಸಿಲಿಂಡರ್ ಬಾಯಿ ಸಡಿಲ ಇದೆ, ನೋಡ್ರೋ," ಅನ್ನುತ್ತಿದ್ದ. ಹೋಗಿ ನೋಡಿದರೆ ಹೌದೇ ಹೌದು. ಮೂಗುರಾಯ ಅನ್ನುವ ಹೆಸರು ಹಾಗೆ ಬಂದದ್ದು, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನಕ್ಕೆ ಮಾತ್ರ ಉಳಿದುಕೊಂಡಿತು. ಸೋರಿಕೆಯಾದರೆ ಕೂಗಿಕೊಳ್ಳುವ ಯಂತ್ರವೊಂದು ಕೋಣೆಯ ಗೋಡೆಯ ಮೇಲೆ ಇತ್ತು. ಅದು ಕೆಟ್ಟು ಕೂತಾಗ ಯಾರೂ ಅವಸರ ಮಾಡಲಿಲ್ಲ. ರಾಯರ ಮೂಗಿರುವಾಗ ಪೆಟ್ಟಿಗೆಯ ಹಂಗೇಕೆ?

ಈಗ ಆ ಮೂಗು ಇಲ್ಲ ಅಂತ ಗೊತ್ತಿದ್ದದ್ದು ಡಾಕ್ಟರನ್ನು ಬಿಟ್ಟರೆ ಮನೆಯ ಮೂವರಿಗೆ ಮಾತ್ರ. ಹೇಳಿದರೆ ಗೇಟಿನ ಕುರ್ಚಿಗೆ ಕಳಿಸುತ್ತಾರೆ, ಬಂದವರ ಸೈಕಲ್ ನೋಡಿಕೊಳ್ಳುತ್ತ ಉಳಿದ ಆಯಸ್ಸು ಕಳೆಯಬೇಕಾಗುತ್ತದೆ ಅನ್ನುವುದು ಅವನ ಭಯ. ಅದಕ್ಕಿಂತ ದೊಡ್ಡದೊಂದು ಇತ್ತು: ಮೂಗಿಲ್ಲದ ಮೂಗುರಾಯ ಅಂದರೆ ಜನ ನಗುವುದಿಲ್ಲವೇ?

"ಅಪ್ಪ, ಇವತ್ತು ನಮ್ಮ ಕ್ಲಾಸಿನವರು ಅಲ್ಲಿಗೆ ಬರ್ತಿದೀವಿ, ನೆನಪಿದೆ ತಾನೆ?" ಮಗಳು ಟವೆಲ್ಲಿನ ಗಂಟು ಬಿಚ್ಚುತ್ತ ಮೆಲ್ಲಗೆ ಕೇಳಿದಳು. "ಲ್ಯಾಬ್ ಮೇಡಂಗೆ ಹೇಳಿದ್ಯಾ?"

"ಹೇಳ್ತೀನಿ."

"ಮೊನ್ನೆನೂ ಇದನ್ನೇ ಅಂದೆ."

"ರೀ," ಅಂದಳು ಹೆಂಡತಿ, ತಿರುಗದೆಯೇ. "ಅವಳು ಚಿಕ್ಕವಳಾದ್ರೂ ಸರಿಯಾಗೇ ಹೇಳ್ತಿದಾಳೆ." ಹಾಗೆಂದು ಮೂಲೆಯಲ್ಲಿದ್ದ ಕೊಡದ ಮುಚ್ಚಳ ಸರಿಸಿ ಅವನ ಬಾಟಲಿಗೆ ನೀರು ತುಂಬಿದಳು. ನಲ್ಲಿ ನೀರು ಔಷಧಿ ನಾತ ಅನ್ನುವುದು ಮದುವೆಯಾದಾಗಿನಿಂದ ಅವಳ ದೂರು. ಹಿಂದಿನ ದಿನವೇ ಕೊಡಕ್ಕೆ ಹಿಡಿದು, ಬಾಯಿ ತೆರೆದಿಟ್ಟು, ನಾತ ಹೋದ ಮೇಲೆಯೇ ಕುಡಿಯುವವಳು. ಮೊದಲೆಲ್ಲ ಮೂಗುರಾಯ, "ಅದು ನಾತ ಅಲ್ಲ ಕಣೆ, ನನ್ನ ದುಡಿಮೆ," ಅಂತ ಜಗಳಕ್ಕೆ ಬೀಳುತ್ತಿದ್ದ. ಈ ಒಂದು ತಿಂಗಳಿಂದ ಆ ಜಗಳ ನಡೆದಿರಲಿಲ್ಲ.

ಅವನು ಕೆಲಸಕ್ಕೆ ಹೋಗುವಷ್ಟರಲ್ಲೇ ಒಂದು ಸಿಲಿಂಡರ್ ಖಾಲಿಯಾಗಿತ್ತು. ಪಂಪಿನ ಮನೆಯ ಗುಡುಗಪ್ಪನನ್ನು ಕರೆದುಕೊಂಡ. ಪಂಪುಗಳ ಅಬ್ಬರದ ನಡುವೆ ಇಷ್ಟು ವರ್ಷ ಕೂಗಿ ಕೂಗಿ ಮಾತಾಡಿ, ಈಗ ಗುಟ್ಟು ಹೇಳಿದರೂ ಬೀದಿಗೆ ಕೇಳಿಸುವ ಆಸಾಮಿ. ಇಬ್ಬರೂ ಸೇರಿ ಚೈನು ಎಳೆದು ಖಾಲಿಯದನ್ನು ಎತ್ತಿದರು, ತುಂಬಿದ್ದನ್ನು ಇಳಿಸಿದರು. ಪೈಪಿನ ಬಾಯಿ ಸಿಲಿಂಡರಿನ ಬಾಯಿಗೆ ಸೇರುವಲ್ಲಿ ಸೀಸದ ಒಂದು ವಾಷರ್ ಹಾಕಬೇಕು. ಪ್ರತಿಸಲವೂ ಹೊಸದು ಅನ್ನುವುದು ನಿಯಮ. ಆದರೆ ಹೊಸದು ಬೇಕೆಂದರೆ ಆವರಣದ ಆಚೆ ತುದಿಯ ಸ್ಟೋರಿಗೆ ಹೋಗಬೇಕು, ಅಲ್ಲಿಯವನು ಹೆಣ್ಣು ನೋಡಲು ಬಂದ ಬೀಗರ ಹಾಗೆ ನೂರು ಪ್ರಶ್ನೆ ಕೇಳುತ್ತಾನೆ. ಮೂಗುರಾಯ ವರ್ಷಗಳಿಂದ ಹಳೆಯ ವಾಷರನ್ನೇ ತಿರುವಿ ಹಾಕಿ ಸ್ಪ್ಯಾನರಿಗೆ ಇನ್ನೊಂದು ಸುತ್ತು ಕೊಡುತ್ತಿದ್ದ. ಸೋರಿದರೆ ಮೂಗು ಹೇಳುತ್ತದೆ, ಹೇಳಿದರೆ ಆಗ ಹೊಸದು ತಂದರಾಯಿತು. ಇವತ್ತೂ ಕೈ ತನ್ನಷ್ಟಕ್ಕೆ ತಾನೇ ಹಳೆಯದನ್ನು ತಿರುವಿತು.

ವಾಲ್ವು ಬಿಟ್ಟಮೇಲೆ ಅಮೋನಿಯಾ ಅದ್ದಿದ ಬಟ್ಟೆಯನ್ನು ಆ ಜೋಡಣೆಯ ಸುತ್ತ ಆಡಿಸಬೇಕು. ಕ್ಲೋರಿನ್ ಸೋರುತ್ತಿದ್ದರೆ ಅಮೋನಿಯಾ ತಾಗಿದ ಕಡೆ ಬೆಳ್ಳಗೆ ಹೊಗೆಯೇಳುತ್ತದೆ. ಈ ತಿಂಗಳಿಡೀ ಅವನು ಯಾರೂ ಇಲ್ಲದಾಗ ಕದ್ದು ಈ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಇವತ್ತು ಗುಡುಗಪ್ಪ ಪಕ್ಕದಲ್ಲೇ ನಿಂತು ತನ್ನ ಭಾವಮೈದುನನ ಹೊಸ ಸ್ಕೂಟರಿನ ಕಥೆ ಶುರುಹಚ್ಚಿದ್ದ.

"ರಾಯ್ರೇ, ಮೂಸಿ ನೋಡಿ ಹೊರಡಿ, ಟೀ ಆರುತ್ತೆ!"

ಮೂಗುರಾಯ ಬಗ್ಗಿ ಮೂಸಿದ. ಏನೂ ಬರಲಿಲ್ಲ. "ಸರಿ ಇದೆ," ಅಂದ. ಬಾಗಿಲು ಹಾಕಿಕೊಂಡು ಇಬ್ಬರೂ ಟೀಗೆ ಹೋದರು.

ಮಕ್ಕಳು ಬಂದಾಗ ಬಿಸಿಲು ಏರಿತ್ತು. ಮೂರು ಸಾಲಾಗಿ, ಗಿಜಿಗಿಜಿ ಮಾತಾಡುತ್ತ, ಮರಳಿನ ತೊಟ್ಟಿಗಳನ್ನೂ ನೀರು ತಿಳಿಯಾಗುವ ಕೊಳಗಳನ್ನೂ ನೋಡಿಕೊಂಡು ಕ್ಲೋರಿನ್ ಕೋಣೆಯ ಮುಂದೆ ನಿಂತರು. ಜೊತೆಗೆ ಅವರ ಕೆಮಿಸ್ಟ್ರಿ ಮಿಸ್ಸು, ಈ ಕೇಂದ್ರದ ಲ್ಯಾಬು ನೋಡಿಕೊಳ್ಳುವ ಮೇಡಂ ಇಬ್ಬರೂ ಇದ್ದರು. ಮೇಡಂ ಎಂದರೆ ಇಲ್ಲಿ ಎಲ್ಲರಿಗೂ ಸ್ವಲ್ಪ ಅಳುಕು, ಅವರದು ಕಡಿಮೆ ಮಾತು. ಮಗಳು ಎರಡನೇ ಸಾಲಿನಲ್ಲಿದ್ದಳು. ಅಪ್ಪನನ್ನು ಕಂಡು ನಕ್ಕಳು, ಕಣ್ಣಲ್ಲೇ "ಹೇಳಿದ್ಯಾ?" ಅಂತ ಕೇಳಿದಳು. ಅವನು ಬೀಗದ ಕೈ ಹುಡುಕುವವನಂತೆ ಜೇಬು ತಡಕಾಡಿದ.

"ಮಕ್ಕಳೇ!" ಗುಡುಗಪ್ಪ ಪಂಪಿನ ಮನೆ ಬಿಟ್ಟು ಬಂದೇಬಿಟ್ಟಿದ್ದ. "ಇವರು ನಮ್ಮ ಮೂಗುರಾಯರು! ಗೋಡೆ ಮೇಲಿನ ಮಿಷಿನ್ನು ಇವರ ಮುಂದೆ ಏನೂ ಅಲ್ಲ! ಬಾಗಿಲು ಇಷ್ಟೇ ಇಷ್ಟು ತೆಗೆದು ಮೂಸಿ, ಒಳಗೆ ಹೋಗಬಹುದೋ ಬೇಡವೋ ಅಂತ ಹೇಳಿಬಿಡ್ತಾರೆ! ರಾಯ್ರೇ, ತೋರಿಸಿ!"

ಮಕ್ಕಳು ಕಿಸಕ್ಕನೆ ನಕ್ಕು ಚಪ್ಪಾಳೆ ತಟ್ಟಿದರು. ಮಗಳು ತಟ್ಟಲಿಲ್ಲ. ತನ್ನ ಶೂಗಳ ತುದಿ ನೋಡುತ್ತ ನಿಂತಿದ್ದಳು.

ಮೂಗುರಾಯ ಬಾಗಿಲನ್ನು ಬೆರಳಗಲ ತೆರೆದು ಮುಖ ಒಡ್ಡಿ ಉಸಿರೆಳೆದ. ಏನೂ ಬರಲಿಲ್ಲ. "ಸರಿ ಇ..." ಅನ್ನುವಷ್ಟು ಮಾತು ಬಾಯಿಗೆ ಬಂದೂಬಿಟ್ಟಿತ್ತು.

ಬೆಳಿಗ್ಗೆಯೂ ಹೀಗೆಯೇ ಏನೂ ಬಂದಿರಲಿಲ್ಲ. ಹಾಲು ಸೀದ ದಿನವೂ ಏನೂ ಬಂದಿರಲಿಲ್ಲ. ಸತ್ತ ಮೂಗು ಎಲ್ಲಕ್ಕೂ ಸರಿ ಇದೆ ಅಂತಲೇ ಹೇಳುತ್ತದೆ, ಅದಕ್ಕೆ ಬೇರೆ ಮಾತು ಗೊತ್ತಿಲ್ಲ. ಬೆಳಿಗ್ಗೆ ತಿರುವಿ ಹಾಕಿದ ಚಪ್ಪಟೆಯಾದ ಸೀಸದ ಬಿಲ್ಲೆ ಕಣ್ಣಿಗೆ ಕಟ್ಟಿತು. ಮೂಗಿನ ಭರವಸೆಯ ಮೇಲೆ ಹಾಕಿದ ವಾಷರು. ಯಾವ ಮೂಗು? ಬಾಗಿಲನ್ನು ಎಳೆದು ಹಾಕಿ ಅದಕ್ಕೇ ಒರಗಿ ನಿಂತ.

"ಯಾರೂ ಒಳಗೆ ಬರಬೇಡಿ," ಅಂದ. "ನನಗೆ ವಾಸನೆ ಗೊತ್ತಾಗಲ್ಲ. ಮೂಗು ಹೋಗಿ ಒಂದು ತಿಂಗಳಾಯ್ತು."

ಗುಡುಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ರಾಯರ ತಮಾಷೆ ಅಂದುಕೊಂಡು ಮಕ್ಕಳೂ ನಕ್ಕರು. ಮಿಸ್ಸೂ ನಗುತ್ತಿದ್ದರು. ಅಷ್ಟು ನಗುವಿನ ನಡುವೆ ನಿಜ ಹೇಳುವುದು ಎಷ್ಟು ಕಷ್ಟ ಅಂತ ಅವನಿಗೆ ಆಗ ಗೊತ್ತಾಯಿತು.

"ನಿಜ ಮಿಸ್." ಮಗಳು ಸಾಲು ಬಿಟ್ಟು ಮುಂದೆ ಬಂದಿದ್ದಳು. ಕಿವಿ ಕೆಂಪಾಗಿತ್ತು. "ಅಪ್ಪಂಗೆ ಪಕ್ಕದಲ್ಲೇ ಹಾಲು ಸೀದ್ರೂ ಗೊತ್ತಾಗಲ್ಲ. ದಿನಾ ನಾನೇ ಟೆಸ್ಟ್ ಮಾಡ್ತೀನಿ."

ನಗು ನಿಂತುಹೋಯಿತು. ಮೇಡಂ ಒಂದೇ ಒಂದು ಸಲ ಮೂಗುರಾಯನ ಮುಖ ನೋಡಿದರು. ಆಮೇಲೆ ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವನ್ನು ನೋಡಿ, "ಗಾಳಿ ಗೇಟಿನ ಕಡೆಯಿಂದ ಬರ್ತಿದೆ. ಮಕ್ಕಳನ್ನ ಗೇಟಿನ ಹತ್ತಿರ ಹುಲ್ಲಿಗೆ ಕರ್ಕೊಂಡು ಹೋಗಿ ಮಿಸ್, ಓಡೋದು ಬೇಡ," ಅಂದರು. ಹೊರಗೋಡೆಯ ಸ್ವಿಚ್ಚು ಒತ್ತಿ ನೆಲಮಟ್ಟದ ಫ್ಯಾನು ಹಾಕಿದರು. ಕ್ಲೋರಿನ್ ಗಾಳಿಗಿಂತ ಭಾರ, ನೆಲ ಹಿಡಿದು ತೆವಳುವಂಥದ್ದು.

ಮೂಗುರಾಯನೂ ಗುಡುಗಪ್ಪನೂ ಬೆನ್ನಿಗೆ ಉಸಿರಾಡುವ ಗಾಳಿಯ ಸಿಲಿಂಡರ್ ಕಟ್ಟಿ, ಮುಖಕ್ಕೆ ಮಾಸ್ಕ್ ಹಾಕಿ ಒಳಗೆ ಹೋದರು. ಮೂಗುರಾಯ ಬಟ್ಟೆಗೆ ಅಮೋನಿಯಾ ಹನಿಸಿ, ಕೋಲಿನ ತುದಿಗೆ ಸುತ್ತಿ, ಬೆಳಿಗ್ಗೆ ಕೂರಿಸಿದ ಸಿಲಿಂಡರಿನ ಬಾಯಿಯ ಹತ್ತಿರ ಒಯ್ದ. ಮೇಲೆ ಏನಿಲ್ಲ. ಬಲಕ್ಕೆ ಏನಿಲ್ಲ. ಕೋಲನ್ನು ಕೆಳಗೆ ತಂದಾಗ, ವಾಷರಿನ ತಳಗಡೆಯಿಂದ, ಆಗತಾನೆ ಆರಿದ ಬತ್ತಿಯಿಂದ ಏಳುವಂಥ ಒಂದು ಎಳೆ ಬಿಳಿಹೊಗೆ ಸುರುಳಿ ಸುತ್ತಿತು.

ಮಾಸ್ಕಿನ ಗಾಜಿನ ಹಿಂದೆ ಗುಡುಗಪ್ಪನ ಕಣ್ಣುಗಳು ಅಗಲವಾದವು. ಜನ್ಮದಲ್ಲಿ ಮೊದಲ ಸಲ ಅವನಿಂದ ಸದ್ದೇ ಹೊರಡಲಿಲ್ಲ.

ವಾಲ್ವು ಮುಚ್ಚಿದರು. ಗುಡುಗಪ್ಪ ಸ್ಟೋರಿಗೆ ಹೋಗಿ, ಒಂದು ಪ್ರಶ್ನೆಗೂ ಉತ್ತರ ಕೊಡದೆ, ವಾಷರಿನ ಪೆಟ್ಟಿಗೆಯನ್ನೇ ಹೊತ್ತು ತಂದ. ಕೋಣೆಯ ಗಾಳಿ ಪೂರ್ತಿ ಹೊರಗೆ ಹೋದ ಮೇಲೆ ಹಳೆಯ ವಾಷರ್ ಕಿತ್ತು ಹೊಸದು ಕೂರಿಸಿ, ಬಿಗಿದು, ವಾಲ್ವು ಬಿಟ್ಟು, ಬಟ್ಟೆ ಆಡಿಸಿದರು. ಹೊಗೆ ಇಲ್ಲ. ಮೂಗುರಾಯ ಇನ್ನೊಮ್ಮೆ ಆಡಿಸಿದ. ಇಲ್ಲ. ಮತ್ತೂ ಒಮ್ಮೆ ಆಡಿಸಲು ಹೋದಾಗ ಗುಡುಗಪ್ಪ ಅವನ ಕೈ ಹಿಡಿದುಕೊಂಡ.

ಮೇಡಂ ಅವನನ್ನು ಲ್ಯಾಬಿಗೆ ಕರೆಸಿದಾಗ ಮಕ್ಕಳು ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದರು. ಕಿಟಕಿಯಿಂದ ಅವರ ಗಲಾಟೆ ಕೇಳುತ್ತಿತ್ತು. ಮೂಗುರಾಯ ಕೂರಲಿಲ್ಲ.

"ನನ್ನನ್ನ ಗೇಟಿಗೆ ಹಾಕಿಬಿಡಿ ಮೇಡಂ," ಅಂದ. "ತಪ್ಪಾಯ್ತು. ಅಷ್ಟು ಮಕ್ಕಳು... ಅದರಲ್ಲಿ ನನ್ನ ಮಗಳೂ ಇದ್ದಳು. ಆ ಕೋಣೆಗೆ ನಾನು ಲಾಯಕ್ಕಲ್ಲ."

"ಒಂದು ತಿಂಗಳು ಮುಚ್ಚಿಟ್ಟಿರಲ್ಲ, ಅದಕ್ಕೆ ನಿಮ್ಮ ಮೇಲೆ ನನಗೆ ಕೆಟ್ಟ ಕೋಪ ಬಂದಿದೆ," ಅಂದರು ಮೇಡಂ. ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. "ವಾಷರಿನ ವಿಷಯಕ್ಕೆ ಇನ್ನೂ ಹೆಚ್ಚು. ಅದನ್ನ ಮೇಲಿನವರಿಗೆ ತಿಳಿಸ್ತೀನಿ, ಬೈಸಿಕೊಳ್ಳೋಕೆ ತಯಾರಿರಿ." ವರದಿಯ ಪುಸ್ತಕ ಎಳೆದುಕೊಂಡು, "ನನ್ನ ಹೆಸರೂ ಬರೀತೀನಿ. ಗೋಡೆ ಮೇಲಿನ ಮಿಷಿನ್ ಕೆಟ್ಟಾಗ ರಿಪೇರಿ ಮಾಡಿಸಬೇಕಾಗಿದ್ದು ನಾನು. ರಾಯರ ಮೂಗಿದೆಯಲ್ಲ ಅಂತ ನಾನೂ ನಿದ್ದೆ ಮಾಡಿದೆ. ಇಡೀ ಊರನ್ನ ಒಬ್ಬ ಮನುಷ್ಯನ ಮೂಗಿನ ಮೇಲೆ ಕೂರಿಸಿದ್ದೆವು, ನೋಡಿ," ಅಂದರು.

"ಗೇಟಿಗೆ..."

"ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ತಾರಾ? ಆ ಕೋಣೆಯ ಕೆಲಸ ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ? ಇನ್ಮೇಲೆ ಒಬ್ಬರೇ ಒಳಗೆ ಹೋಗೋ ಹಾಗಿಲ್ಲ. ಪ್ರತಿಸಲ ಹೊಸ ವಾಷರು, ಪ್ರತಿಸಲ ಅಮೋನಿಯಾ, ಮೂಗಿದ್ದವರಿಗೂ ಇದೇ. ಮಿಷಿನ್ ರಿಪೇರಿಯವರಿಗೆ ಈಗಲೇ ಫೋನ್ ಮಾಡ್ತೀನಿ." ಮೇಡಂ ಫೋನು ಎತ್ತಿಕೊಂಡವರು ಅವನು ಇನ್ನೂ ನಿಂತೇ ಇರುವುದನ್ನು ನೋಡಿದರು. "ಹೋಗಿ, ಮಗಳು ಕಾಯ್ತಿದಾಳೆ. ಗುಡುಗಪ್ಪ ಎಲ್ಲ ಹೇಳಿಬಿಟ್ಟಿದಾರೆ, ಮಕ್ಕಳು ಆ ಬಿಳಿಹೊಗೆ ಯಾಕೆ ಬಂತು ಅಂತ ಕೇಳಿ ಕೇಳಿ ಮಿಸ್ಸಿನ ತಲೆ ತಿಂತಿದಾರೆ."

ಮೂಗುರಾಯ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ಒಂದು ತಿಂಗಳಿಂದ ಎದೆಯ ಮೇಲೆ ಹೊತ್ತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಹಗುರವಾಯಿತು. ಮಗಳು ಬಂದು ಪಕ್ಕದಲ್ಲಿ ಕೂತಳು. ಬುತ್ತಿಯ ಡಬ್ಬಿ ಅವನತ್ತ ಸರಿಸಿದಳು.

"ಬಾಯಲ್ಲಿ 'ಸರಿ ಇದೆ' ಅಂತ ಅರ್ಧ ಬಂದಿತ್ತು, ಅಲ್ವಾ ಅಪ್ಪ?"

ಅವಳಿಂದ ಏನನ್ನು ಮುಚ್ಚಿಡುವುದು? "ಬಂದಿತ್ತು," ಅಂದ.

"ಪೂರ್ತಿ ಬರ್ಲಿಲ್ಲವಲ್ಲ," ಅಂದು ಮಗಳು ಅವನ ತೋಳಿಗೆ ತಲೆ ಒರಗಿಸಿದಳು.

ಬೈಸಿಕೊಳ್ಳುವುದು ಬೈಸಿಕೊಂಡದ್ದಾಯಿತು. ಗೋಡೆಯ ಯಂತ್ರ ರಿಪೇರಿಯಾಗಿ ಬಂತು. ಪರೀಕ್ಷೆಗೆಂದು ಅದನ್ನು ಕೂಗಿಸಿದಾಗ ಗುಡುಗಪ್ಪ, "ನನಗಿಂತ ಜೋರು!" ಅಂತ ಅಸೂಯೆಪಟ್ಟ. ಜನ ನಗುತ್ತಾರೆ ಅಂದುಕೊಂಡಿದ್ದು ನಿಜವೇ ಆಯಿತು, ನಕ್ಕರು. ನಕ್ಕು, "ರಾಯ್ರೇ, ನನ್ನ ಸಾಕ್ಸ್ ಬಿಚ್ಚಲಾ? ಈಗ ನಿಮಗೊಬ್ಬರಿಗೇ ಭಯವಿಲ್ಲ," ಅಂದು ಟೀ ಕೊಡಿಸಿದರು. ಹೆಸರು ಮಾತ್ರ ಹೋಗಲಿಲ್ಲ. ಮನೆಯಲ್ಲಿ ಮಗಳು ಹ್ಯಾಲೊಜನ್ ಮುಗಿಸಿ ಪಕ್ಕದ ಮನೆಗೆ, ಯಾರ ಗೊಡವೆಗೂ ಹೋಗದ ಅನಿಲಗಳ ಗುಂಪಿಗೆ ದಾಟಿದ್ದಳು. ಬಿಸ್ಕತ್ತಿನ ಡಬ್ಬಿ ಮೊದಮೊದಲು ದಿನಾ, ಆಮೇಲೆ ಆಗೊಮ್ಮೆ ಈಗೊಮ್ಮೆ ತೆರೆದು, ಕೊನೆಗೆ ಕಪಾಟಿನ ಮೇಲೆ ಹೋಗಿ ಕೂತಿತು. ಅದರ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮುಖ ತೊಳೆಯಲೆಂದು ಮೂಗುರಾಯ ಅಡುಗೆಮನೆಯ ನಲ್ಲಿ ತಿರುಗಿಸಿ, ಬೊಗಸೆ ತುಂಬಿ ಮುಖಕ್ಕೆ ತಂದವನು ಹಾಗೇ ನಿಂತ. ಮೂಗಿನ ಮೇಲುಗಡೆ, ಹುಬ್ಬುಗಳ ನಡುವೆ, ಏನೋ ಒಂದು ಸಣ್ಣಗೆ ಚುರುಗುಟ್ಟಿತು. ಬೊಗಸೆಯ ನೀರು ಬೆರಳ ಸಂದಿಯಿಂದ ಸೋರಿಹೋಯಿತು. ಇನ್ನೊಂದು ಬೊಗಸೆ ಹಿಡಿದ.

"ರೀ, ನಲ್ಲಿ ಯಾಕೆ ಸುಮ್ಮನೆ ಬಿಟ್ಟಿದೀರಿ? ನಿಮ್ಮಪ್ಪಂದಾ ನೀರು?" ಅಂದಳು ಹೆಂಡತಿ.

"ನಂದೇ ಕಣೆ," ಅಂದ. "ಪುಟ್ಟಿ! ಟವೆಲ್ ತಾ!"

ಮಗಳು ನಿದ್ದೆಗಣ್ಣಲ್ಲಿ ಬಂದಳು. ಅಪ್ಪ ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ, ಮುಖ ಎತ್ತಿ ಕೂತಿರುವುದನ್ನು ನೋಡಿದಳು. ಏನೂ ಕೇಳದೆ ಟವೆಲ್ಲನ್ನು ಬಿಗಿಯಾಗಿ ಕಟ್ಟಿದಳು. ಡಬ್ಬಿಗೆ ಕೈಯೆತ್ತಿದವಳು ಮತ್ತೇನೋ ಯೋಚಿಸಿ ಎರಡು ಲೋಟ ತೆಗೆದುಕೊಂಡಳು. ಒಂದಕ್ಕೆ ಅಮ್ಮನ ಕೊಡದ ನೀರು, ಒಂದಕ್ಕೆ ನಲ್ಲಿಯದು. ಮುಚ್ಚಳ ಇಲ್ಲ, ಸದ್ದಿಲ್ಲ, ಮೋಸಕ್ಕೆ ದಾರಿಯೇ ಇಲ್ಲ.

"ಇದು?"

"ಕೊಡದ್ದು."

"ಇದು?"

"ನಲ್ಲೀದು."

ಮಗಳು ಲೋಟಗಳನ್ನು ಅದಲುಬದಲು ಮಾಡಿದಳು. ಮತ್ತೆ ಸರಿ ಬಂತು. ಅವಳು ಸದ್ದಾಗದಂತೆ ಕೊಡದ ನೀರನ್ನು ಚೆಲ್ಲಿ, ಆ ಲೋಟಕ್ಕೂ ನಲ್ಲಿಯದನ್ನೇ ಹಿಡಿದು, ಒಂದಾದ ಮೇಲೊಂದು ಅವನ ಮೂಗಿನ ಕೆಳಗೆ ಒಡ್ಡಿದಳು. ಮೂಗುರಾಯ ಮೂಸಿದ. ಇನ್ನೊಮ್ಮೆ ಮೂಸಿದ.

"ಎರಡೂ ನಲ್ಲೀದೇ, ಕಳ್ಳಿ," ಅಂದ.

ಟವೆಲ್ಲಿನ ಅಂಚು ಒದ್ದೆಯಾಗುತ್ತಿತ್ತು, ಗಂಟು ಬಿಚ್ಚಲು ಮಗಳಿಗೆ ಬೆರಳು ಓಡಲಿಲ್ಲ. ಹೆಂಡತಿ ಒಲೆ ಸಣ್ಣದು ಮಾಡಿ ಬಂದು, ಮಗಳ ಕೈಯಿಂದ ಒಂದು ಲೋಟ ಇಸಿದುಕೊಂಡಳು. ಆ ನೀರನ್ನು ಒಂದು ಕ್ಷಣ ನೋಡಿ, ಮೂಗು ಮುರಿದು, ಒಂದೇ ಗುಟುಕಿಗೆ ಅಷ್ಟನ್ನೂ ಕುಡಿದಳು.